ಲೋದೆಬಾರಿನಲ್ಲಿ ಕೂತವನಿಗೆ ರಾಜನ ಮೇಜಿನಲ್ಲಿ ಜಾಗ: ಕೆಲಸ, ಅಂಗವೈಕಲ್ಯ ಮತ್ತು ನಮ್ಮ ಸಭೆ

(ಯುವಜನರ ಕೂಟದ ಪಾಠ. ಓದುವ ಭಾಗಗಳು: 2 ಸಮುವೇಲ 4:4 ಮತ್ತು 9ನೇ ಅಧ್ಯಾಯ, 2 ಸಮುವೇಲ 16:1-4 ಮತ್ತು 19:24-30, 2 ಅರಸುಗಳು 2:19-22, ಯೋಹಾನ 9:1-12)

 

ಹೋದ ವಾರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ, "ಪಾಸ್ಟರ್, ಬೈಬಲ್ಲು ಕೆಲಸ ಮಾಡದವನು ಊಟನೂ ಮಾಡಬಾರದು ಅನ್ನುತ್ತಲ್ಲಾ, ಮತ್ತೆ ಸರ್ಕಾರ ಅಂಗವಿಕಲರಿಗೆ ಪಿಂಚಣಿ ಯಾಕೆ ಕೊಡಬೇಕು?" ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆಫೀಸಿನಲ್ಲಿ ಯಾರೋ ಹೇಳಿದ್ದನ್ನ ನನ್ನ ಹತ್ತಿರ ತಂದ. ಆದರೆ ಆ ಪ್ರಶ್ನೆ ಆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ಯಾಕೆ ಅಂದರೆ ಅದೇ ವಚನವನ್ನ ನಾನೂ ಒಂದು ದಿನ ಒಬ್ಬ ಮನುಷ್ಯನ ಮುಂದೆ ತಪ್ಪಾಗಿ ಹೇಳಿದ್ದೆ. ಆ ಮನುಷ್ಯ ನನ್ನ ಸ್ವಂತ ದೊಡ್ಡಪ್ಪ. ಇವತ್ತು ಆ ತಪ್ಪನ್ನ ನಿಮ್ಮ ಮುಂದೆ ಒಪ್ಪಿಕೊಂಡೇ ಪಾಠಕ್ಕೆ ಹೋಗುತ್ತೇನೆ.

ನನ್ನ ಊರು ಪಾವಗಡದ ಕಡೆ. ತುಮಕೂರು ಜಿಲ್ಲೆಯ ನಕ್ಷೆ ನೋಡಿ. ಪಾವಗಡ ತಾಲ್ಲೂಕು ಕರ್ನಾಟಕದಲ್ಲಿದ್ದರೂ ಹೆಚ್ಚುಕಡಿಮೆ ಸುತ್ತಲೂ ಆಂಧ್ರದ ನೆಲ. ಮನೆಯೊಳಗೆ ತೆಲುಗು, ಸ್ಕೂಲಲ್ಲಿ ಕನ್ನಡ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಉಪವಿಭಾಗ. ಶಾಲೆಗಳ ಲೆಕ್ಕಕ್ಕೂ ಮಧುಗಿರಿ ಬೇರೆ ಶೈಕ್ಷಣಿಕ ಜಿಲ್ಲೆ. ಮಳೆ ಕಡಿಮೆ, ಕಡ್ಲೆಕಾಯಿ ಬೆಳೆ, ಬಂಡೆ ಬೆಟ್ಟ, ಆಳದ ಬೋರು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನ ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ ಪಾವಗಡ, ಮಧುಗಿರಿ, ಶಿರಾ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿ ಇದ್ದವು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಆ ಕಡೆಯಿಂದಲೇ ಬಸ್ ಹತ್ತಿ ಬೆಂಗಳೂರಿಗೆ ಬಂದವರು. ಹಾಗಾಗಿ ಇದು ದೂರದ ಊರಿನ ಕಥೆ ಅಂದುಕೊಳ್ಳಬೇಡಿ.

1. ಅವನು ಹುಟ್ಟು ಕುಂಟನಲ್ಲ

2 ಸಮುವೇಲ 4:4 ತೆಗೆಯಿರಿ. ಒಂದೇ ವಚನ, ಆದರೆ ಎಷ್ಟು ದೊಡ್ಡ ವಿಷಯ! ಯೋನಾತಾನನಿಗೆ ಒಬ್ಬ ಮಗ. ವಯಸ್ಸು ಐದು. ಯುದ್ಧದಲ್ಲಿ ಅಜ್ಜ ಸೌಲನೂ ಅಪ್ಪ ಯೋನಾತಾನನೂ ಸತ್ತರು ಅನ್ನುವ ಸುದ್ದಿ ಬಂತು. ದಾದಿ ಮಗುವನ್ನ ಎತ್ತಿಕೊಂಡು ಓಡಿದಳು. ಓಡುವ ಗಡಿಬಿಡಿಯಲ್ಲಿ ಮಗು ಬಿತ್ತು. ಎರಡೂ ಕಾಲು ಹೋದವು. ಆ ಹುಡುಗನ ಹೆಸರು ಮೆಫೀಬೋಶೆತ.

ಈಗ ಹೇಳಿ, ಯಾರ ಪಾಪ? ಹುಡುಗನದ್ದಾ? ದಾದಿಯದ್ದಾ? ಅವಳು ಅವನ ಜೀವ ಉಳಿಸಲಿಕ್ಕೆ ಓಡಿದವಳು. ದೊಡ್ಡವರು ಮಾಡಿದ ಯುದ್ಧ, ಕಾಲು ಹೋದದ್ದು ಮಗುವಿನದ್ದು. ಸತ್ಯವೇದ ಅವನ ಕುಂಟತನಕ್ಕೆ ಶಾಪ ಅಂತ ಹೆಸರಿಡಲಿಲ್ಲ. ಏನು ನಡೆಯಿತು ಅನ್ನುವುದನ್ನ ಇದ್ದಂತೆ ಹೇಳಿತು.

ನಮ್ಮ ದೊಡ್ಡಪ್ಪನ ವಿಷಯವೂ ಹಾಗೇ. ಅವರು ಕೂಲಿ ಮಾಡುತ್ತಿದ್ದರು. ಬಾವಿ ಹೂಳು ತೆಗೆಯುವುದು, ಕಡ್ಲೆಕಾಯಿ ಕೀಳುವುದು, ಕಲ್ಲು ಹೊರುವುದು. ನಾನು ಹುಡುಗನಾಗಿದ್ದಾಗ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋದ ಮನುಷ್ಯ. ನಲವತ್ತು ದಾಟುವಷ್ಟರಲ್ಲಿ ಬೆನ್ನು ಮರದ ಹಲಗೆ ಥರ ಆಯಿತು. ಬಗ್ಗಲಿಕ್ಕೆ ಆಗಲ್ಲ, ಕತ್ತು ತಿರುಗಿಸಲಿಕ್ಕೆ ಆಗಲ್ಲ. ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡೋರು. ಊರಲ್ಲಿ ಕೆಲವರು ಮಾಟ ಅಂದರು, ಕೆಲವರು ಹೋದ ಜನ್ಮದ ಕರ್ಮ ಅಂದರು.

ಮಾಟ ಅಲ್ಲ ಪ್ರಿಯರೇ, ನೀರು. ನಮ್ಮ ಕಡೆ ನೆಲದ ಕೆಳಗೆ ಗ್ರಾನೈಟ್ ಜಾತಿಯ ಬಂಡೆ. ಆ ಬಂಡೆಯ ಖನಿಜದಲ್ಲಿ ಫ್ಲೋರೈಡ್ ಇದೆ. ಕೆರೆ ತುಂಬಿ, ತೆರೆದ ಬಾವಿಯಲ್ಲಿ ಮೇಲುನೀರು ಇದ್ದಾಗ ತೊಂದರೆ ಕಡಿಮೆ. ಕೆರೆ ಒಣಗಿ, ಬಾವಿ ಬತ್ತಿ, ಬೋರು ಆಳಕ್ಕೆ ಇಳಿದಷ್ಟೂ ಬಂಡೆಯ ಜೊತೆ ತುಂಬಾ ಕಾಲ ಕೂತ ನೀರು ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಪಾವಗಡದ ಎಷ್ಟೋ ಬೋರುಗಳು ಅದನ್ನ ದಾಟಿದ್ದವು. ಶಿರಾ, ಮಧುಗಿರಿ ಕಡೆಯೂ ಈ ತೊಂದರೆ ಇದೆ. ಮೊದಲು ಮಕ್ಕಳ ಹಲ್ಲಿಗೆ ಕಂದು ಗೆರೆ. ಆಮೇಲೆ ವರ್ಷಗಟ್ಟಲೆ ಮೂಳೆಯಲ್ಲಿ ಸೇರಿ ಸೇರಿ ಕೀಲು ಬಿಗಿಯುತ್ತದೆ. ಇದಕ್ಕೆ ಫ್ಲೋರೋಸಿಸ್ ಅಂತ ಹೆಸರು. ಒಮ್ಮೆ ಬಿಗಿದ ಬೆನ್ನನ್ನ ಹಿಂದಿನ ಹಾಗೆ ಮಾಡುವ ಔಷಧಿ ಇಲ್ಲ, ಬರದ ಹಾಗೆ ತಡೆಯಬಹುದು ಅಷ್ಟೆ. ಇನ್ನೊಂದು ಮಾತು ನೆನಪಿಡಿ: ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಯೋಹಾನ 9ರಲ್ಲಿ ಶಿಷ್ಯರು ಹುಟ್ಟುಕುರುಡನನ್ನ ನೋಡಿ ಮೊದಲು ಕೇಳಿದ್ದೇ ಇದು ಯಾರ ಪಾಪ, ಇವನದ್ದಾ ಇವನ ತಂದೆತಾಯಿಯದ್ದಾ ಅಂತ. ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದರು. ಆಮೇಲೆ ಪ್ರಶ್ನೆ ಕೇಳುತ್ತಾ ನಿಲ್ಲಲಿಲ್ಲ, ಮಣ್ಣು ಕಲಸಿ ಕೆಲಸ ಶುರು ಮಾಡಿದರು. ಆಮೆನ್?

2. ಒಂದೇ ನೀರು, ಒಂದೇ ಪೆಟ್ಟಲ್ಲ

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಊರಿಗೆಲ್ಲ ಒಂದೇ ಬೋರು ಅಂದಮೇಲೆ ಎಲ್ಲರಿಗೂ ಒಂದೇ ಥರ ಆಗಬೇಕಿತ್ತಲ್ಲ? ಆಗಲ್ಲ. ಬಿಸಿಲಲ್ಲಿ ಇಡೀ ದಿನ ದುಡಿಯುವವನು ನೆರಳಲ್ಲಿ ಕೂತವನಿಗಿಂತ ಎಷ್ಟೋ ಜಾಸ್ತಿ ನೀರು ಕುಡಿಯುತ್ತಾನೆ. ಜಾಸ್ತಿ ನೀರು ಅಂದರೆ ಜಾಸ್ತಿ ಫ್ಲೋರೈಡ್. ಹಾಲು, ಸೊಪ್ಪು, ನೆಲ್ಲಿಕಾಯಿ, ನಿಂಬೆಹಣ್ಣು ತಿನ್ನುವ ಮನೆಯಲ್ಲಿ ದೇಹಕ್ಕೆ ಸ್ವಲ್ಪ ರಕ್ಷಣೆ ಇದೆ. ಬರೀ ಮುದ್ದೆ ಖಾರದಲ್ಲಿ ದಿನ ತಳ್ಳುವ ಮನೆಯಲ್ಲಿ ಆ ರಕ್ಷಣೆ ಕಡಿಮೆ. ದುಡ್ಡಿದ್ದವನು ಮನೆಗೆ ಫಿಲ್ಟರ್ ಹಾಕಿಸಿದ. ಇಲ್ಲದವನು ಕೊಡ ಹಿಡಿದು ಅದೇ ಬೋರಿಗೆ ಹೋದ.

ಅಂದರೆ ಏನಾಯಿತು? ಯಾರು ಹೆಚ್ಚು ದುಡಿದರೋ ಅವರ ಮೂಳೆಗೇ ಹೆಚ್ಚು ಪೆಟ್ಟು. ಬೆನ್ನು ಹೋದ ಮೇಲೆ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಹಾಲು ಸೊಪ್ಪಿಗೆ ದುಡ್ಡಿಲ್ಲ. ಮಗನೋ ಮಗಳೋ ಸ್ಕೂಲ್ ಬಿಟ್ಟು ಅಪ್ಪನ ಜಾಗದಲ್ಲಿ ಕೂಲಿಗೆ ಹೋಗಬೇಕು. ಅವರೂ ಅದೇ ಬಿಸಿಲಲ್ಲಿ ಅದೇ ನೀರು ಕುಡಿಯಬೇಕು. ಬಡತನ ಅಂಗವೈಕಲ್ಯ ತರುತ್ತದೆ, ಅಂಗವೈಕಲ್ಯ ಬಡತನ ತರುತ್ತದೆ. ಗಾಣದ ಎತ್ತಿನ ಹಾಗೆ ಸುತ್ತುವ ದಾರಿ ಇದು.

ಇನ್ನೊಂದು ತಾರತಮ್ಯ ನೋಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಳ್ಳೆಯ ಕಾಯ್ದೆ. ಮೊದಲು 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇದ್ದದ್ದು ಇದರಲ್ಲಿ 21 ಆಯಿತು. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇ. 3 ಇದ್ದದ್ದು ಶೇ. 4 ಆಯಿತು. ಸರ್ಕಾರಿ ನೌಕರನೊಬ್ಬ ಸೇವೆಯಲ್ಲಿ ಇರುವಾಗ ಅಂಗವಿಕಲನಾದರೆ ಅವನನ್ನ ತೆಗೆಯುವ ಹಾಗಿಲ್ಲ; ಬೇರೆ ಹುದ್ದೆ ಕೊಟ್ಟಾದರೂ ಅದೇ ಸಂಬಳ ಕೊಡಬೇಕು. ದೇವರಿಗೆ ಸ್ತೋತ್ರ, ಅದು ನ್ಯಾಯ. ಆದರೆ ನಮ್ಮ ದೊಡ್ಡಪ್ಪನಿಗೆ ಯಾವ ಹುದ್ದೆ? ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ಮಾಲೀಕ ದಿನಕ್ಕೊಬ್ಬ. ಬೆನ್ನು ಹೋದರೆ ಯಾರನ್ನ ಕೇಳಬೇಕು? ಒಂದೇ ಊರಿನ ಇಬ್ಬರಿಗೆ ಒಂದೇ ಬೇನೆ ಬಂದರೂ ಒಬ್ಬನಿಗೆ ಸಂಬಳ ನಿಲ್ಲುವುದಿಲ್ಲ, ಇನ್ನೊಬ್ಬನಿಗೆ ಅವತ್ತಿನ ಗಂಜಿಯೇ ನಿಲ್ಲುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ದೇಶದ ಅಂಗವಿಕಲರಲ್ಲಿ ದುಡಿಮೆ ಇದ್ದವರು ನೂರಕ್ಕೆ ಸುಮಾರು 36 ಜನ. ಹೆಂಗಸರನ್ನ ಮಾತ್ರ ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 23. ಉಳಿದವರೆಲ್ಲ ಸೋಮಾರಿಗಳಾ? ಯೋಚನೆ ಮಾಡಿ.

3. ಆ ವಚನ ಯಾರಿಗೆ ಬರೆದದ್ದು?

ಈಗ ಆ ತಮ್ಮನ ಪ್ರಶ್ನೆಗೆ ಬರೋಣ. 2 ಥೆಸಲೋನಿಕ 3:10. ಪೌಲನು ಅಲ್ಲಿ ಕೆಲಸ ಮಾಡಲು ಮನಸ್ಸಿಲ್ಲದವರ ಬಗ್ಗೆ ಬರೆಯುತ್ತಾನೆ. ಕೆಲಸ ಮಾಡಲು ಆಗದವರ ಬಗ್ಗೆ ಅಲ್ಲ, ಕೆಲಸ ಕೇಳಿದರೂ ಸಿಗದವರ ಬಗ್ಗೆಯೂ ಅಲ್ಲ. ಮುಂದಿನ ವಚನದಲ್ಲೇ ನೋಡಿ, ಅವರು ಬೇರೆಯವರ ವಿಷಯದಲ್ಲಿ ತಲೆಹಾಕುತ್ತಾ ಕಾಲ ಕಳೆಯುವವರು. ಮನಸ್ಸಿಲ್ಲದವನು, ಆಗದವನು, ಸಿಗದವನು, ಈ ಮೂವರೂ ಬೇರೆ ಬೇರೆ. ಮೂವರನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟುವುದು ವಾಕ್ಯವನ್ನ ತಿರುಚಿದ ಹಾಗೆ.

ನಾನು ಮಾಡಿದ್ದು ಅದನ್ನೇ. ಇಪ್ಪತ್ತೆರಡು ವರ್ಷ ವಯಸ್ಸು, ಹೊಸದಾಗಿ ರಕ್ಷಣೆ ಹೊಂದಿದ್ದೆ, ಮೈಯೆಲ್ಲ ಬೆಂಕಿ. ರಜಕ್ಕೆ ಊರಿಗೆ ಹೋದಾಗ ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ತಲೆ ಮೇಲೆ ಕೈ ಇಟ್ಟು ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ, ಎದ್ದು ಬಗ್ಗಿ ಅಂದೆ. ಅವರಿಂದ ಆಗಲಿಲ್ಲ. ನಾನು ಹೇಳಿದೆ, "ದೊಡ್ಡಪ್ಪಾ, ನಿಮಗೆ ನಂಬಿಕೆ ಸಾಲದು. ಹೀಗೆ ಕೂತು ಕೂತು ಮನೆಯವರಿಗೆ ಭಾರ ಆಗಬೇಡಿ, ಏನಾದರೂ ಕೆಲಸ ನೋಡಿಕೊಳ್ಳಿ. ದುಡಿಯದವನು ತಿನ್ನಬಾರದು ಅಂತ ವಾಕ್ಯ ಇದೆ."

ಅವರು ಸಿಟ್ಟಾಗಲಿಲ್ಲ. ಇಡೀ ಮೈ ನನ್ನ ಕಡೆ ತಿರುಗಿಸಿ ಹೇಳಿದರು, "ನಂಬಿಕೆ ಐತೆ ಕಣಪ್ಪಾ. ಒಳ್ಳೆ ನೀರು ಇಲ್ಲ, ಅಷ್ಟೇಯ. ಕೂತ್ಕಂಡು ಮಾಡೋ ಕೆಲ್ಸ ಇದ್ರೆ ಕೊಡ್ಸು, ನಾಳೆನೇ ಬತ್ತೀನಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಬೆಂಗಳೂರಿನ ಬಸ್ ಹತ್ತಿದೆ. ಕೆಲಸ ಕೊಡಿಸಲಿಲ್ಲ. ಅವರು ಈಗ ಕರ್ತನ ಬಳಿ ಇದ್ದಾರೆ. ಆ ಮಾತಿಗೆ ನಾನು ಅವರ ಹತ್ತಿರ ಕ್ಷಮೆ ಕೇಳಲೇ ಇಲ್ಲ. ಇದನ್ನ ನಿಮಗೆ ಹೇಳಲಿಕ್ಕೆ ನನಗೆ ನಾಚಿಕೆ ಆಗುತ್ತದೆ, ಆದರೆ ನೀವು ಅದೇ ಮಾತು ಇನ್ನೊಬ್ಬರಿಗೆ ಹೇಳಬಾರದು ಅಂತ ಹೇಳುತ್ತಿದ್ದೇನೆ.

ಕೂತು ಮಾಡುವ ಕೆಲಸ ಅಂದರಲ್ಲ, ಅದು ಹಗುರವಾದ ಮಾತಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯ ನಿಯಮಗಳಲ್ಲೇ ಈ ವಿಚಾರ ಇತ್ತು. ಅಂಗವಿಕಲರಿಗೆ ಅವರ ಕೈಲಾಗುವ ಕೆಲಸ ಕೊಡಬೇಕು, ಉದಾಹರಣೆಗೆ ಕೆಲಸಗಾರರಿಗೆ ನೀರು ಕೊಡುವುದು, ಅವರ ಮಕ್ಕಳನ್ನ ನೋಡಿಕೊಳ್ಳುವುದು, ಆದರೆ ಕೂಲಿ ಮಾತ್ರ ಎಲ್ಲರ ಸಮ. ಕೆಲಸವನ್ನ ಮನುಷ್ಯನಿಗೆ ಹೊಂದಿಸಿದರೆ ಅವನೂ ದುಡಿಯುತ್ತಾನೆ.

4. ದಾವೀದನು ಕೊಟ್ಟದ್ದು ಎರಡು

2 ಸಮುವೇಲ 9. ದಾವೀದ ರಾಜನಾದ ಮೇಲೆ ಹುಡುಕುತ್ತಾನೆ, ಸೌಲನ ಮನೆಯಲ್ಲಿ ಯಾರಾದರೂ ಉಳಿದಿದ್ದಾರಾ ಅಂತ. ಮೆಫೀಬೋಶೆತ ಲೋದೆಬಾರಿನಲ್ಲಿ ಬೇರೆಯವರ ಮನೆಯಲ್ಲಿ ಇದ್ದ. ಲೋದೆಬಾರ್ ಅಂದರೆ ಮೇವಿಲ್ಲದ ಜಾಗ ಅಂತ ಅರ್ಥ ಹೇಳುತ್ತಾರೆ. ನಮ್ಮ ಬರದ ಸೀಮೆಯವರಿಗೆ ಆ ಹೆಸರು ಬೇಗ ಅರ್ಥ ಆಗುತ್ತದೆ.

ರಾಜನು ಎರಡು ಕೊಟ್ಟ. ಒಂದು, ಸೌಲನಿಗೆ ಸೇರಿದ್ದ ಹೊಲಗದ್ದೆಯನ್ನೆಲ್ಲ ಅವನ ಹೆಸರಿಗೆ ಹಿಂದಕ್ಕೆ ಕೊಟ್ಟ; ಉಳಲಿಕ್ಕೆ ಚೀಬ, ಅವನ ಹದಿನೈದು ಮಕ್ಕಳು, ಇಪ್ಪತ್ತು ಆಳುಗಳನ್ನ ನೇಮಿಸಿದ. ಎರಡು, ದಿನಾಲೂ ತನ್ನ ಮೇಜಿನಲ್ಲೇ ಊಟಕ್ಕೆ ಜಾಗ ಕೊಟ್ಟ. ನಾವು ಸಾಮಾನ್ಯವಾಗಿ ಮೇಜಿನ ಬಗ್ಗೆ ಮಾತ್ರ ಪ್ರಸಂಗ ಮಾಡುತ್ತೇವೆ, ಹೊಲವನ್ನ ಬಿಟ್ಟುಬಿಡುತ್ತೇವೆ. ಬರೀ ಊಟ ಹಾಕಿದ್ದರೆ ಅದು ದಾನ. ಹೊಲವನ್ನೂ ಕೊಟ್ಟಿದ್ದಕ್ಕೆ ಅದು ನ್ಯಾಯ. ಬರೀ ಹೊಲ ಕೊಟ್ಟು ಲೋದೆಬಾರಿಗೇ ವಾಪಸ್ ಕಳಿಸಿದ್ದರೆ ಅವನಿಗೆ ಜೊತೆ ಇರುತ್ತಿರಲಿಲ್ಲ. ಎರಡೂ ಬೇಕು.

ನಮ್ಮ ಪಾವಗಡದಲ್ಲಿ ಹೊಲದ ಮೇಲೆ ಈಗ ಏನಿದೆ ಗೊತ್ತಲ್ಲ? ತಿರುಮಣಿ, ವಳ್ಳೂರು, ಬಳಸಮುದ್ರ ಕಡೆ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯಿತು. ಇಲ್ಲಿ ನಮ್ಮ ತಲೆಯ ಮೇಲೆ ತಿರುಗುವ ಫ್ಯಾನಿಗೂ ಅಲ್ಲಿಯ ಬಿಸಿಲಿಗೂ ಸಂಬಂಧ ಇರಬಹುದು. ಜಮೀನನ್ನ ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಶುರುವಿನಲ್ಲಿ ವರ್ಷಕ್ಕೆ ಎಕರೆಗೆ 21,000 ರೂಪಾಯಿ. ಮಳೆ ನಂಬಿ ನಷ್ಟವಾಗುತ್ತಿದ್ದ ರೈತನಿಗೆ ಅದು ಆಸರೆ, ನಾನು ಇಲ್ಲ ಅನ್ನಲ್ಲ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವನಿಗೆ. ಪಹಣಿಯೇ ಇಲ್ಲದ ಕೂಲಿಯವನಿಗೆ? ಕಳೆ ಕೀಳುವ, ಕಡ್ಲೆಕಾಯಿ ಬಿಡಿಸುವ ಕೆಲಸ ಆ ಹೊಲದ ಜೊತೆಗೇ ಹೋಯಿತು. ಕಡ್ಲೆಕಾಯಿ ಬಿಡಿಸುವುದು ಬೆನ್ನು ಬಗ್ಗದವರೂ ಕೂತು ಮಾಡಬಹುದಾದ ಕೆಲಸ. ಹೊಸದಾಗಿ ಬಂದ ಕೆಲಸ ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು. ಅದಕ್ಕೆ ಗಟ್ಟಿ ಬೆನ್ನು ಬೇಕು, ಓಡಾಡುವ ಕಾಲು ಬೇಕು. ಹೀಗೆ ಜಮೀನು ಇಲ್ಲದವನಿಗೆ ಒಂದು ಪೆಟ್ಟು, ಜಮೀನೂ ಇಲ್ಲದೆ ದೇಹವೂ ಸೋತವನಿಗೆ ಎರಡು ಪೆಟ್ಟು.

5. ಅವನ ಪರವಾಗಿ ಮಾತಾಡಿದವನು ಚೀಬ

ಮೆಫೀಬೋಶೆತನ ಕಥೆ 9ನೇ ಅಧ್ಯಾಯದಲ್ಲಿ ಮುಗಿಯಲ್ಲ. 16ನೇ ಅಧ್ಯಾಯದಲ್ಲಿ ದಾವೀದ ಊರು ಬಿಟ್ಟು ಓಡುವಾಗ ಚೀಬ ಕತ್ತೆ, ರೊಟ್ಟಿ, ಹಣ್ಣು ತಂದು ಯಜಮಾನನ ಮೇಲೆ ಚಾಡಿ ಹೇಳಿದ. ದಾವೀದ ವಿಚಾರಣೆ ಮಾಡದೆ ಆಸ್ತಿಯೆಲ್ಲ ಚೀಬನಿಗೆ ಅಂದುಬಿಟ್ಟ. ಆಮೇಲೆ 19ರಲ್ಲಿ ಮೆಫೀಬೋಶೆತ ಬಂದು ನಡೆದದ್ದು ಹೇಳಿದ: ನಾನು ಕುಂಟ, ಕತ್ತೆಗೆ ತಡಿ ಹಾಕಿಸಿಕೊಂಡು ಬರಬೇಕು ಅಂತಿದ್ದೆ, ನನ್ನ ಆಳು ನನಗೆ ಮೋಸ ಮಾಡಿದ ಅಂತ. ಆಗಲೂ ಪೂರ್ತಿ ನ್ಯಾಯ ಸಿಗಲಿಲ್ಲ. ಹೊಲವನ್ನ ಇಬ್ಬರಿಗೂ ಹಂಚಿಬಿಟ್ಟ.

ದೇವರ ಹೃದಯಕ್ಕೆ ಹತ್ತಿರವಾಗಿದ್ದ ದಾವೀದನೇ ಇಲ್ಲಿ ಎಡವಿದ. ಯಾಕೆ? ಅಂಗವಿಕಲನನ್ನ ಕೇಳದೆ ಅವನ ಸುತ್ತ ಇದ್ದವನನ್ನ ಕೇಳಿದ. ನಾವೂ ಅದೇ ಮಾಡುತ್ತೇವೆ. ಗಾಲಿಕುರ್ಚಿಯಲ್ಲಿ ಕೂತವರನ್ನ ಬಿಟ್ಟು ತಳ್ಳುವವರನ್ನ ಕೇಳುತ್ತೇವೆ, "ಇವರಿಗೆ ಟೀ ಬೇಕಾ?" ಪಿಂಚಣಿ ಅರ್ಜಿ, ಯುಡಿಐಡಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಇನ್ನೊಬ್ಬರ ಕೈಯಲ್ಲಿ ಇದ್ದಾಗ ಚೀಬ ಹುಟ್ಟಿಕೊಳ್ಳುತ್ತಾನೆ.

ನಿಮಗೆ ಉಪಯೋಗಕ್ಕೆ ಬರುವ ವಿಷಯ ಹೇಳುತ್ತೇನೆ. ಶೇ. 40 ಅಥವಾ ಹೆಚ್ಚು ವೈಕಲ್ಯ ಇದೆ ಅಂತ ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇದ್ದಾರೆ, ಅವರೂ ಅಂಗವಿಕಲರೇ. ಊರಲ್ಲಿ ನಿಮ್ಮ ಅಜ್ಜನಿಗೋ ಅತ್ತೆಗೋ ಅರ್ಜಿ ಹಾಕಬೇಕಾದರೆ ಮಧ್ಯವರ್ತಿಗೆ ದುಡ್ಡು ಕೊಡುವ ಮೊದಲು ಅವರನ್ನ ಕೇಳಿ.

6. ಮೂಲಕ್ಕೆ ಹೋಗಿ ಉಪ್ಪು ಹಾಕಿದ ಪ್ರವಾದಿ

"ಹಾಗಾದರೆ ಪಾಸ್ಟರ್, ಸ್ವಸ್ಥತೆ ಇಲ್ವಾ?" ಅಂತ ಕೇಳುತ್ತೀರಿ. ಇದೆ! ಯೇಸು ನಿನ್ನೆ ಇದ್ದ ಹಾಗೆ ಇವತ್ತೂ ಇದ್ದಾನೆ, ನಾನು ಅದನ್ನ ನಂಬುತ್ತೇನೆ, ಸಾರುತ್ತೇನೆ, ರೋಗಿಗಳ ಮೇಲೆ ಕೈಯಿಡುವುದನ್ನ ಬಿಡುವುದಿಲ್ಲ. ಆದರೆ 2 ಅರಸುಗಳು 2:19-22 ಓದಿ. ಯೆರಿಕೋವಿನವರು ಎಲೀಷನಿಗೆ ಊರು ಚೆನ್ನಾಗಿದೆ, ನೀರು ಕೆಟ್ಟದ್ದು ಅಂದರು. ಎಲೀಷ ಒಬ್ಬೊಬ್ಬರ ಮನೆಯ ಕೊಡಕ್ಕೆ ಪ್ರಾರ್ಥನೆ ಮಾಡಲಿಲ್ಲ. ಬುಗ್ಗೆಯ ಮೂಲಕ್ಕೇ ಹೋಗಿ ಉಪ್ಪು ಹಾಕಿದ. ದೇವರು ನೀರನ್ನೇ ವಾಸಿ ಮಾಡಿದರು. ಅದೂ ಸ್ವಸ್ಥತೆಯ ಸೇವೆಯೇ. ಊರಿಗೆ ಶುದ್ಧ ನೀರಿನ ಘಟಕ ಬಂದಾಗ, ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆ ಅಂದಾಗ, ನಾನು ಅದನ್ನ ಬರೀ ರಾಜಕೀಯದ ಸುದ್ದಿ ಅಂತ ಓದುವುದಿಲ್ಲ. ಕೆಟ್ಟುನಿಂತ ಘಟಕ ರಿಪೇರಿ ಮಾಡಿಸಿ ಅಂತ ಪಂಚಾಯಿತಿಗೆ ಅರ್ಜಿ ಬರೆಯುವ ವಿಶ್ವಾಸಿ ಎಲೀಷನ ಕೆಲಸ ಮಾಡುತ್ತಿದ್ದಾನೆ.

ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳೋಣ. ಪಾವಗಡದಲ್ಲಿ ಕುಷ್ಠ, ಕ್ಷಯ ರೋಗಿಗಳಿಗೆ, ಕಣ್ಣು ಕಾಣದ ಬಡವರಿಗೆ ವರ್ಷಾನುಗಟ್ಟಲೆ ಸೇವೆ ಮಾಡುತ್ತಿರುವುದು ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ. ಕಣ್ಣಿನ ಪೊರೆ ತೆಗೆದರೆ ಒಬ್ಬ ಕೂಲಿಯವನು ಮತ್ತೆ ದುಡಿಮೆಗೆ ಹೋಗುತ್ತಾನೆ. ನಮ್ಮ ನಂಬಿಕೆ ಬೇರೆ. ಆದರೆ ಗಾಯಗೊಂಡವನ ಹತ್ತಿರ ನಿಂತವನು ಸಮಾರ್ಯದವನು ಅಂತ ಯೇಸುವೇ ಹೇಳಿದ ಮೇಲೆ, ನಾವು ದಾಟಿಹೋದವರ ಸಾಲಲ್ಲಿ ಇದ್ದೇವಾ ಅಂತ ನೋಡಿಕೊಳ್ಳಬೇಕು.

9ನೇ ಅಧ್ಯಾಯದ ಕೊನೆಯ ವಚನವನ್ನ ಗಮನಿಸಿ. ಮೆಫೀಬೋಶೆತ ರಾಜನ ಮೇಜಿನಲ್ಲಿ ಊಟ ಮಾಡುತ್ತಿದ್ದ, ಅವನ ಎರಡೂ ಕಾಲು ಕುಂಟಾಗಿಯೇ ಇದ್ದವು. ಕಾಲು ಸರಿಹೋದ ಮೇಲೆ ಬಾ ಅಂತ ದಾವೀದ ಹೇಳಲಿಲ್ಲ.

ಮತ್ತೆ ನಾವು? ಕೊರಟಗೆರೆ ಕಡೆಯ ಒಬ್ಬ ಸಹೋದರಿ, ಪೋಲಿಯೋದಿಂದ ಒಂದು ಕಾಲು ಸೋತವಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಎಂಟು ತಿಂಗಳು ನಮ್ಮ ಕೂಟಕ್ಕೆ ಬಂದಳು. ಆಮೇಲೆ ನಿಂತುಹೋಯಿತು. ನಾನು ವಿಶ್ವಾಸದಲ್ಲಿ ತಣ್ಣಗಾದಳು ಅಂದುಕೊಂಡೆ. ಫೋನ್ ಮಾಡಿದಾಗ ಹೇಳಿದಳು, "ಅಣ್ಣಾ, ವಾರವೆಲ್ಲ ಮಿಷಿನ್ ತುಳಿದು ಕಾಲು ಊದಿರುತ್ತೆ. ನಿಮ್ಮ ಮೂವತ್ತೆರಡು ಮೆಟ್ಟಿಲು ಹತ್ತಕ್ಕೆ ಆಗ್ತಿಲ್ಲ. ಎಲ್ಲರ ಮುಂದೆ ಎತ್ತಿಕೊಂಡು ಹೋಗೋದು ನನಗೆ ಬೇಡ."

ಮೂವತ್ತೆರಡು ಮೆಟ್ಟಿಲು. ಅವಳು ಎಣಿಸಿದ್ದಳು. ಈ ಮೂರು ವರ್ಷದಲ್ಲಿ ನಾನು ಒಂದು ಸಲವೂ ಎಣಿಸಿರಲಿಲ್ಲ. ಸೌಂಡ್ ಸಿಸ್ಟಮ್‌ಗೆ ಕಾಣಿಕೆ ಎತ್ತಿದೆವು, ಎಲ್‌ಇಡಿ ಪರದೆಗೆ ಎತ್ತಿದೆವು. ಯಾಜಕಕಾಂಡ 19:14ರಲ್ಲಿ ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬಾರದು ಅಂತ ದೇವರು ಆಜ್ಞೆ ಕೊಟ್ಟಿದ್ದಾರೆ. ನಾವು ಮೂವತ್ತೆರಡು ಇಟ್ಟು ಅದರ ಮೇಲೆ ಸ್ವಾಗತ ಅಂತ ಬೋರ್ಡ್ ಹಾಕಿದ್ದೇವೆ.

ಹಿರಿಯರ ಜೊತೆ ಮಾತಾಡಿದ್ದೇನೆ. ಮುಂದಿನ ತಿಂಗಳಿಂದ ಯುವಜನರ ಕೂಟ ಕೆಳಗಿನ ಹಾಲಿನಲ್ಲಿ ನಡೆಯುತ್ತದೆ. ಜಾಗ ಇಕ್ಕಟ್ಟು, ಎಸಿ ಇಲ್ಲ, ಸೌಂಡು ಅಷ್ಟು ಚೆನ್ನಾಗಿ ಬರಲ್ಲ. ಸ್ವಲ್ಪ ಬೆವರು ಸುರಿಸೋಣ. ಆ ಸಹೋದರಿಗೆ ಹೇಳಿದ್ದೇನೆ. ಬರುತ್ತೇನೆ ಅಂತ ಇನ್ನೂ ಹೇಳಿಲ್ಲ, "ನೋಡ್ತೀನಿ ಅಣ್ಣಾ" ಅಂದಿದ್ದಾಳೆ. ಅವಳು ಬರಲಿ ಬಿಡಲಿ, ನಾವು ಕೆಳಗೆ ಇಳಿಯಬೇಕು.

ಈ ವಾರ ಮಾಡಬೇಕಾದದ್ದು

ಒಂದು: ಊರಿಗೆ ಫೋನ್ ಮಾಡಿ ಮನೆಯವರು ಯಾವ ನೀರು ಕುಡಿಯುತ್ತಿದ್ದಾರೆ ಅಂತ ಕೇಳಿ. ಬೋರಿನ ನೀರಾದರೆ ಪರೀಕ್ಷೆ ಮಾಡಿಸಿ.

ಎರಡು: ನಿಮ್ಮ ಆಫೀಸಿನಲ್ಲಿ ಇಂಟರ್‌ವ್ಯೂ ಮಾಡುವ ಜಾಗದಲ್ಲಿ ನೀವು ಇದ್ದರೆ, ಆ ಕೆಲಸಕ್ಕೆ ನಿಜವಾಗಿ ಏನು ಬೇಕು ಅಂತ ಬರೆದುಕೊಳ್ಳಿ. ಕಾಲು ಬೇಕಾಗಿಲ್ಲದ ಕೆಲಸಕ್ಕೆ ಕಾಲು ನೋಡಬೇಡಿ.

ಮೂರು: ನಿಮಗೆ ಗೊತ್ತಿರುವ ಒಬ್ಬ ಅಂಗವಿಕಲ ವ್ಯಕ್ತಿಯ ಜೊತೆ ಊಟ ಮಾಡಿ. ಊಟ ಕೊಟ್ಟು ಬರಬೇಡಿ, ಜೊತೆಗೆ ಕೂತು ಮಾಡಿ. ಏನು ಬೇಕು ಅಂತ ಅವರನ್ನೇ ಕೇಳಿ.

ನಾಲ್ಕು: "ನಿನಗೆ ನಂಬಿಕೆ ಸಾಲದು" ಅಂತ ನೀವು ಯಾರಿಗಾದರೂ ಹೇಳಿದ್ದರೆ, ಅವರು ಬದುಕಿದ್ದಾಗಲೇ ಹೋಗಿ ಕ್ಷಮೆ ಕೇಳಿ. ನನಗೆ ಆ ಅವಕಾಶ ತಪ್ಪಿತು.

ಪ್ರಾರ್ಥನೆ ಮಾಡೋಣ. ಕಣ್ಣು ಮುಚ್ಚಿರಿ.

ಪರಲೋಕದ ತಂದೆಯೇ, ಲೋದೆಬಾರಿನಲ್ಲಿ ಕೂತವರನ್ನ ನೀನು ಹೆಸರು ಹಿಡಿದು ಕರೆಯುವವನು. ನಮ್ಮ ಬಾಯಿಂದ ಬಂದ ಕಠಿಣ ಮಾತುಗಳನ್ನ ಕ್ಷಮಿಸು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಾವಿ ಬೋರುಗಳನ್ನ ನೆನಪು ಮಾಡಿಕೋ, ನೀರನ್ನ ವಾಸಿಮಾಡು. ಬಿಗಿದ ಬೆನ್ನುಗಳನ್ನ ಮುಟ್ಟು. ಮುಟ್ಟುವವರೆಗೂ ಅವರಿಗೆ ಕೆಲಸ ಕೊಡುವ ಕೈ, ಜೊತೆ ಕೂರುವ ಮನಸ್ಸು ನಮಗೆ ಕೊಡು. ನಮ್ಮ ಮೆಟ್ಟಿಲುಗಳಿಂದ ನಮ್ಮನ್ನ ಕೆಳಗೆ ಇಳಿಸು. ಪರಲೋಕದಿಂದ ನಮಗಾಗಿ ಇಳಿದು ಬಂದ ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.